ಬೆಲ್‌ವ್ಯೂ: ಎರಡು ಸರೋವರಗಳ ನಡುವಿನ ವಿಹಾರ ನಗರ

ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ, ಸಿಯಾಟಲ್ ಮಹಾನಗರದ ಪೂರ್ವಕ್ಕೆ ಸುಮಾರು 16 ಕಿ.ಮೀ. ದೂರದಲ್ಲಿರುವ ಉಪನಗರ. ಪಶ್ಚಿಮದಲ್ಲಿ ವಾಷಿಂಗ್ಟನ್ ಸರೋವರ, ಪೂರ್ವದಲ್ಲಿ ಸಮಾಮಿಷ್ ಸರೋವರ, ದಕ್ಷಿಣದಲ್ಲಿ ಕಾಡು ಹೊದ್ದ ಗುಡ್ಡಗಳು. ಇವುಗಳ ನಡುವೆ ಹರಡಿಕೊಂಡಿರುವ ಈ ಊರಿನ ಹೆಸರಿಗೆ ಫ್ರೆಂಚ್ ಭಾಷೆಯಲ್ಲಿ ‘ಸುಂದರ ನೋಟ’ ಎಂದರ್ಥ. 1953ರಲ್ಲಿ ನಗರಾಡಳಿತ ಪಡೆದ ಬೆಲ್‌ವ್ಯೂವಿನ ಜನಸಂಖ್ಯೆ 2020ರ ಜನಗಣತಿಯಂತೆ 1,51,854. ಅಂದರೆ ನಮ್ಮ ಒಂದು ಮಧ್ಯಮ ಗಾತ್ರದ ಜಿಲ್ಲಾ ಕೇಂದ್ರದಷ್ಟು. ಆದರೆ ಅಷ್ಟೇ ಜನರ ವಿಹಾರಕ್ಕೆಂದು ನಗರಾಡಳಿತವು 2,500 ಎಕರೆಗೂ ಹೆಚ್ಚು ಉದ್ಯಾನ ಹಾಗೂ ಬಯಲು ಪ್ರದೇಶವನ್ನು ಕಾಯ್ದಿರಿಸಿಕೊಂಡಿದೆ.

ಕನ್ನಡಿಗರಿಗೆ ಈ ಊರು ಅಪರಿಚಿತವೇನಲ್ಲ. ಪಕ್ಕದ ರೆಡ್ಮಂಡ್‌ನಲ್ಲಿ 1986ರಿಂದ ಮೈಕ್ರೋಸಾಫ್ಟ್ ಸಂಸ್ಥೆಯ ಕೇಂದ್ರ ಕಚೇರಿ ಇದೆ. ಬೆಲ್‌ವ್ಯೂವಿನಲ್ಲಿಯೇ ಅಮೆಜಾನ್‌ನ ದೊಡ್ಡ ಕಚೇರಿಗಳಿವೆ. ಉದ್ಯೋಗ ನಿಮಿತ್ತ ಇಲ್ಲಿ ನೆಲೆಸಿರುವ ಭಾರತೀಯರಲ್ಲಿ ಕರ್ನಾಟಕದವರೂ ಸಾಕಷ್ಟಿದ್ದಾರೆ. ಮಕ್ಕಳ ಮನೆಗೆಂದು ಬೇಸಿಗೆಯಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಬಂದಿಳಿಯುವ ತಂದೆ ತಾಯಂದಿರು ಹಗಲೆಲ್ಲ ಮನೆಯೊಳಗೆ ಕುಳಿತು ಬೇಸರಪಡುವುದುಂಟು. ಕಾರು ಓಡಿಸಲು ಬಾರದವರಿಗೂ ಕಾಲ್ನಡಿಗೆಯಲ್ಲಿ, ಬಸ್ಸಿನಲ್ಲಿ ಅಥವಾ ಲಘು ರೈಲಿನಲ್ಲಿ ತಲುಪಬಹುದಾದ ತಾಣಗಳು ಇಲ್ಲಿ ಹಲವಿವೆ. ಅವುಗಳ ಪರಿಚಯವೂ, ಆ ತಾಣಗಳ ಹಿಂದಿರುವ ಇತಿಹಾಸವೂ ಇಲ್ಲಿದೆ.

ಸರೋವರ ಕೆಳಗಿಳಿದ ಕಥೆ

ವಾಷಿಂಗ್ಟನ್ ಸರೋವರವು ಹಿಮಯುಗದ ಹಿಮನದಿಗಳು ಕೊರೆದು ನಿರ್ಮಿಸಿದ ನೈಸರ್ಗಿಕ ಜಲರಾಶಿ. ಉದ್ದ ಸುಮಾರು 35 ಕಿ.ಮೀ., ವಿಸ್ತೀರ್ಣ ಸುಮಾರು 88 ಚದರ ಕಿ.ಮೀ., ಗರಿಷ್ಠ ಆಳ 65 ಮೀಟರ್. ನೈಸರ್ಗಿಕ ಸರೋವರಗಳ ಪೈಕಿ ಚೆಲಾನ್ ಸರೋವರವನ್ನು ಬಿಟ್ಟರೆ ಇದೇ ಈ ರಾಜ್ಯದ ಅತಿ ದೊಡ್ಡ ಸರೋವರ. ಡುವಾಮಿಷ್ ಹಾಗೂ ಸಮಾಮಿಷ್ ಮೂಲನಿವಾಸಿಗಳು ಶತಮಾನಗಳ ಕಾಲ ಇದರ ದಡದಲ್ಲಿ ಬದುಕಿದ್ದರು. ಬಿಳಿಯ ವಲಸಿಗರಾದ ವಿಲಿಯಂ ಮೈಡನ್‌ಬಾವರ್ ಮತ್ತು ಆರನ್ ಮರ್ಸರ್ ಇಲ್ಲಿ ಭೂಮಿ ಹಿಡಿದದ್ದು 1869ರಲ್ಲಿ. ಇಬ್ಬರ ಹೆಸರುಗಳೂ ಇಂದಿನ ಉದ್ಯಾನಗಳಲ್ಲಿ ಉಳಿದುಕೊಂಡಿವೆ.

ಇಂದು ಪ್ರವಾಸಿಗರು ಕಾಣುವ ದಡ ಮೂಲ ದಡವಲ್ಲ. ಸರೋವರವನ್ನು ಸಮುದ್ರದೊಡನೆ ಜೋಡಿಸುವ ಹಡಗು ಕಾಲುವೆಗಾಗಿ 1916ರಲ್ಲಿ ಮಾಂಟ್‌ಲೇಕ್ ಕಡಿತವನ್ನು ತೆರೆದಾಗ ನೀರಿನ ಮಟ್ಟ ಸುಮಾರು 2.7 ಮೀಟರ್‌ನಷ್ಟು ಇಳಿಯಿತು. ದಕ್ಷಿಣ ತುದಿಯಿಂದ ಹೊರಹರಿಯುತ್ತಿದ್ದ ಬ್ಲ್ಯಾಕ್ ನದಿ ಬತ್ತಿಹೋಯಿತು. ಆ ನದಿಯ ಮೀನನ್ನು ನಂಬಿದ್ದ ಡುವಾಮಿಷ್ ಜನರ ಬದುಕೂ ಅದರೊಡನೆ ಬತ್ತಿತು. ಇನ್ನೊಂದೆಡೆ ನೀರಿನಡಿಯಲ್ಲಿದ್ದ ನೆಲ ಮೇಲೆದ್ದು ಹೊಸ ಜೌಗು ಪ್ರದೇಶ ಹಾಗೂ ಹೊಸ ಕಡಲಂಚಿನಂತಹ ದಡಗಳು ರೂಪುಗೊಂಡವು. ಬೆಲ್‌ವ್ಯೂವಿನ ಅನೇಕ ವಿಹಾರ ತಾಣಗಳ ಹುಟ್ಟಿಗೆ ಇದೇ ಕಾರಣ.

ಮರ್ಸರ್ ಸ್ಲೂ: ನಗರದ ನಡುವಿನ ಜೌಗು

ಹೀಗೆ ಮೇಲೆದ್ದ ನೆಲದಲ್ಲಿ ಮುಖ್ಯವಾದುದು ಮರ್ಸರ್ ಸ್ಲೂ ನಿಸರ್ಗ ಉದ್ಯಾನ. 320 ಎಕರೆ ವಿಸ್ತಾರದ ಇದು ವಾಷಿಂಗ್ಟನ್ ಸರೋವರಕ್ಕೆ ಸೇರಿದಂತೆ ಉಳಿದುಕೊಂಡಿರುವ ಅತಿ ದೊಡ್ಡ ಜೌಗು ಪ್ರದೇಶ. ಎರಡು ಹೆದ್ದಾರಿಗಳು ಕೂಡುವ ಜಾಗದಲ್ಲಿಯೇ ಇದ್ದರೂ ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ವಾಹನಗಳ ಸದ್ದಿಗಿಂತ ಹಕ್ಕಿಗಳ ಸದ್ದೇ ಮುಂದಾಗುತ್ತದೆ. ಮರದ ಹಲಗೆಗಳ ಕಾಲುಹಾದಿಯ ಮೇಲೆ ಕಾಲು ಒದ್ದೆಯಾಗದಂತೆ ಜೌಗಿನ ನಡುವೆ ನಡೆಯಬಹುದು. ನೀಲಿ ಬಕ, ಬಿಳಿತಲೆಯ ಹದ್ದು, ಬೀವರ್‌ಗಳು ಕಟ್ಟಿದ ಅಡ್ಡಗಟ್ಟೆಗಳು ಇಲ್ಲಿನ ಆಕರ್ಷಣೆ. ಪರಿಸರ ಶಿಕ್ಷಣ ಕೇಂದ್ರವೊಂದು ಇದೇ ಆವರಣದಲ್ಲಿದೆ.

ಒಂದು ಕಾಲಕ್ಕೆ ಇದು ಕೃಷಿ ಭೂಮಿಯಾಗಿತ್ತು. ಹೂವಿನ ಗಡ್ಡೆಗಳನ್ನು ಬೆಳೆಯುತ್ತಿದ್ದ ಕುಟುಂಬವೊಂದು 1929ರಲ್ಲಿ ಕಟ್ಟಿಸಿದ ವಿಂಟರ್ಸ್ ಹೌಸ್ ಇಂದು ರಾಷ್ಟ್ರೀಯ ಐತಿಹಾಸಿಕ ಕಟ್ಟಡಗಳ ಪಟ್ಟಿಯಲ್ಲಿದೆ. ಜೌಗಿನ ಹುಳಿ ಮಣ್ಣು ಬ್ಲೂಬೆರಿ ಗಿಡಗಳಿಗೆ ಹೇಳಿ ಮಾಡಿಸಿದಂತಿದ್ದು, ಹಳೆಯ ತೋಟಗಳು ಉದ್ಯಾನದ ಭಾಗವಾಗಿ ಉಳಿದಿವೆ. ದಕ್ಷಿಣ ಬೆಲ್‌ವ್ಯೂ ಲಘು ರೈಲು ನಿಲ್ದಾಣ ಈ ಉದ್ಯಾನದ ಅಂಚಿನಲ್ಲಿಯೇ ಇರುವುದರಿಂದ ಕಾರಿಲ್ಲದವರಿಗೆ ಇದು ಅತ್ಯಂತ ಅನುಕೂಲಕರ ತಾಣ.

ಪಕ್ಕದ ಎನಟೈ ಕಿನಾರೆ ಉದ್ಯಾನದಿಂದ ಬೇಸಿಗೆಯಲ್ಲಿ ಬಾಡಿಗೆಯ ದೋಣಿ ಹಿಡಿದು ಸ್ಲೂ ಒಳಗೆ ಹುಟ್ಟುಹಾಕುತ್ತ ಸಾಗಬಹುದು. ‘ಎನಟೈ’ ಎಂಬುದು ಮೂಲನಿವಾಸಿಗಳೂ ವ್ಯಾಪಾರಿಗಳೂ ಬಳಸುತ್ತಿದ್ದ ಚಿನೂಕ್ ಮಿಶ್ರಭಾಷೆಯ ಪದ. ‘ಆಚೆ ದಡ’ ಎಂದರ್ಥ.

ಕಿನಾರೆಗಳು: ಎಲ್ಲರಿಗೂ ಸಿಗುವ ದಡ ಎಷ್ಟು?

ಸರೋವರದ ತೀರದುದ್ದಕ್ಕೂ ಊರಿದ್ದರೂ ತೀರವೆಲ್ಲ ಸಾರ್ವಜನಿಕರದ್ದಲ್ಲ. ದಡದ ಬಹುಭಾಗ ಶ್ರೀಮಂತರ ಖಾಸಗಿ ಮನೆಗಳ ಹಿತ್ತಿಲಾಗಿದೆ. ನೆರೆಯ ಮೆಡೀನಾದಲ್ಲಿ ಬಿಲ್ ಗೇಟ್ಸ್ ಅವರ ಪ್ರಸಿದ್ಧ ಬಂಗಲೆ ಇರುವುದೂ ಇದೇ ತೀರದಲ್ಲಿ. ಆದ್ದರಿಂದಲೇ ಇಲ್ಲಿ ಒಂದೊಂದು ಸಾರ್ವಜನಿಕ ಕಿನಾರೆಗೂ ಬೆಲೆ ಹೆಚ್ಚು.

ಇದಕ್ಕೆ ಒಳ್ಳೆಯ ನಿದರ್ಶನ ಮೈಡನ್‌ಬಾವರ್ ಕೊಲ್ಲಿ ಉದ್ಯಾನ. ನಗರಾಡಳಿತವು ಹಲವು ವರ್ಷಗಳ ಕಾಲ ದಡದ ಖಾಸಗಿ ಆಸ್ತಿಗಳನ್ನು ಒಂದೊಂದಾಗಿ ಖರೀದಿಸುತ್ತ ಬಂದು, 2019ರಲ್ಲಿ ವಿಸ್ತೃತ ಉದ್ಯಾನವನ್ನು ಜನರಿಗೆ ತೆರೆಯಿತು. ಊರಿನ ನಡುವಣ ಅಂಗಡಿ ಬೀದಿಗಳಿಂದ ಇಲ್ಲಿಗೆ ನಡೆದೇ ಬರಬಹುದು. ಈಜು ತಾಣ, ಬಾಗಿದ ಕಾಲುಸೇತುವೆ, ಮಕ್ಕಳ ಆಟದ ಜಾಗಗಳಿರುವ ಈ ಶಾಂತ ಕೊಲ್ಲಿ ಒಂದಾನೊಂದು ಕಾಲಕ್ಕೆ ತಿಮಿಂಗಿಲ ಬೇಟೆಯ ಹಡಗುಗಳ ಚಳಿಗಾಲದ ತಂಗುದಾಣವಾಗಿತ್ತೆಂದರೆ ನಂಬುವುದು ಕಷ್ಟ. ಹಡಗು ಕಾಲುವೆ ತೆರೆದ ಬಳಿಕ, 1919ರಿಂದ, ಅಲಾಸ್ಕಾ ಕಡಲಿನಲ್ಲಿ ಬೇಟೆಯಾಡುತ್ತಿದ್ದ ಹಡಗುಗಳು ಪ್ರತಿ ವರ್ಷ ಈ ಸಿಹಿನೀರಿಗೆ ಬಂದು ದುರಸ್ತಿ ಮಾಡಿಸಿಕೊಳ್ಳುತ್ತಿದ್ದವು. ಎರಡನೆಯ ಮಹಾಯುದ್ಧದೊಡನೆ ಆ ಅಧ್ಯಾಯ ಮುಗಿಯಿತು.

ದಕ್ಷಿಣದಲ್ಲಿರುವ ನ್ಯೂಕ್ಯಾಸಲ್ ಕಿನಾರೆ ಉದ್ಯಾನ ನಗರದ ತೀರೋದ್ಯಾನಗಳಲ್ಲಿ ದೊಡ್ಡದು. ಹುಲ್ಲುಹಾಸಿನ ಮೇಲೆ ಬುತ್ತಿ ಬಿಚ್ಚಿ ಕುಟುಂಬ ಸಮೇತ ಇಡೀ ದಿನ ಕಳೆಯುವವರಿಗೆ ಇದು ಸೂಕ್ತ.

ಸ್ಟ್ರಾಬೆರಿ ಗದ್ದೆಗಳ ನೆನಪು

ಊರಿನ ಕೇಂದ್ರದಲ್ಲಿರುವ 21 ಎಕರೆಯ ಡೌನ್‌ಟೌನ್ ಉದ್ಯಾನ ವೃತ್ತಾಕಾರದ ನೀರಿನ ಕಾಲುವೆ, ಅದರ ಜಲಧಾರೆ ಹಾಗೂ ವಿಶಾಲ ಹುಲ್ಲುಹಾಸಿಗೆ ಹೆಸರಾಗಿದೆ. ವೃತ್ತ ಪೂರ್ಣಗೊಂಡದ್ದು 2017ರಲ್ಲಿ. ಅಂಗವಿಕಲ ಮಕ್ಕಳೂ ಸೇರಿ ಎಲ್ಲ ಮಕ್ಕಳೂ ಆಡಬಹುದಾದ ಆಟದ ಅಂಗಳ ಇದರ ಒಂದು ಬದಿಯಲ್ಲಿದೆ. ಸಂಜೆ ವಾಯುಸೇವನೆಗೆ ಬರುವ ಭಾರತೀಯ ಹಿರಿಯರ ಗುಂಪುಗಳನ್ನು ಇಲ್ಲಿ ಕಾಣಬಹುದು. ನಾಲ್ಕು ಸುತ್ತು ಹಾಕುವಷ್ಟರಲ್ಲಿ ಕನ್ನಡ ಕಿವಿಗೆ ಬಿದ್ದರೂ ಅಚ್ಚರಿಯಿಲ್ಲ.

ಇಂದು ಗಗನಚುಂಬಿ ಕಟ್ಟಡಗಳಿರುವ ಈ ಭಾಗದ ಸುತ್ತಮುತ್ತ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸ್ಟ್ರಾಬೆರಿ ಬೆಳೆಯುತ್ತಿತ್ತು. ಕಡಿದ ಕಾಡಿನ ದೈತ್ಯ ಬುಡಗಳನ್ನು ಕಿತ್ತು ನೆಲವನ್ನು ಹಸನು ಮಾಡಿದವರಲ್ಲಿ ಜಪಾನಿ ವಲಸಿಗ ರೈತರು ಮುಖ್ಯರು. 1921ರ ರಾಜ್ಯ ಕಾನೂನಿನಿಂದಾಗಿ ಅವರಿಗೆ ತಾವು ಹಸನು ಮಾಡಿದ ಭೂಮಿಯ ಒಡೆತನವಿರಲಿ, ಗೇಣಿಯೂ ದುಸ್ತರವಾಗಿತ್ತು. 1925ರಲ್ಲಿ ಆರಂಭವಾದ ಸ್ಟ್ರಾಬೆರಿ ಉತ್ಸವ ಊರಿಗೆ ಹೆಸರು ತಂದಿತು. ಆದರೆ ಜಪಾನಿನೊಡನೆ ಯುದ್ಧ ಆರಂಭವಾದ ಬಳಿಕ, 1942ರಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ಅವರ 9066ನೇ ಆದೇಶದಂತೆ ಈ ರೈತ ಕುಟುಂಬಗಳನ್ನೆಲ್ಲ, ಅಮೆರಿಕದಲ್ಲಿಯೇ ಹುಟ್ಟಿದ ಮಕ್ಕಳನ್ನೂ ಸೇರಿಸಿ, ಬಂಧನ ಶಿಬಿರಗಳಿಗೆ ಸಾಗಿಸಲಾಯಿತು. ಬೆಳೆ ಕೊಯ್ಯುವವರಿಲ್ಲದೆ ಉತ್ಸವವೂ ನಿಂತಿತು. ಯುದ್ಧದ ನಂತರ ಮರಳಿದವರು ಕೆಲವೇ ಕುಟುಂಬದವರು. ಅಷ್ಟರಲ್ಲಿ ತೇಲುಸೇತುವೆಯ ಮೂಲಕ ಸಿಯಾಟಲ್ ಹತ್ತಿರವಾಗಿ, ಗದ್ದೆಗಳು ಬಡಾವಣೆಗಳಾಗತೊಡಗಿದ್ದವು. ಉದ್ಯಾನದ ಹಸಿರನ್ನು ಮೆಚ್ಚುವವರು ಅದರ ಸುತ್ತಲ ನೆಲವನ್ನು ಮೊದಲು ಹಸಿರಾಗಿಸಿದವರನ್ನು ನೆನೆಯುವುದು ನ್ಯಾಯ.

ಸಸ್ಯೋದ್ಯಾನ ಮತ್ತು ಸಾಕುಪ್ರಾಣಿಗಳ ತೋಟ

ಜಪಾನಿನೊಡನೆ ಮುರಿದ ನಂಟು ಬೇರೊಂದು ರೂಪದಲ್ಲಿ ಮರಳಿ ಬೆಸೆದುಕೊಂಡಿರುವುದನ್ನು ಬೆಲ್‌ವ್ಯೂ ಸಸ್ಯೋದ್ಯಾನದಲ್ಲಿ ಕಾಣಬಹುದು. ಸೋದರ ನಗರವಾದ ಜಪಾನಿನ ಯಾವೊ ಹೆಸರಿನಲ್ಲಿ ಇಲ್ಲೊಂದು ಜಪಾನಿ ಶೈಲಿಯ ತೋಟವಿದೆ. ದಂಪತಿಯೊಬ್ಬರು ತಮ್ಮ ಮನೆ ಹಾಗೂ ಏಳೂವರೆ ಎಕರೆ ಜಮೀನನ್ನು ನಗರಕ್ಕೆ ದಾನವಾಗಿ ಕೊಟ್ಟದ್ದು ಈ ಉದ್ಯಾನಕ್ಕೆ ಮೂಲ. 1992ರಲ್ಲಿ ತೆರೆದ ಇದು ಈಗ 53 ಎಕರೆಗೆ ಬೆಳೆದಿದೆ. ಕಣಿವೆಯ ಮೇಲೆ ಮರಗಳ ನಡುವೆ ಕಟ್ಟಿರುವ 45 ಮೀಟರ್ ಉದ್ದದ ತೂಗುಸೇತುವೆ ಮಕ್ಕಳಿಗೆ ಅಚ್ಚುಮೆಚ್ಚು. ಪ್ರವೇಶ ಉಚಿತ. ಲಾಲ್‌ಬಾಗ್‌ನಂತಹ ಗಾಜಿನ ಮನೆಯನ್ನು ಇಲ್ಲಿ ನಿರೀಕ್ಷಿಸಬಾರದು. ಇಲ್ಲಿನ ಸೊಗಸು ಋತುವಿನಿಂದ ಋತುವಿಗೆ ಬದಲಾಗುವ ಹೂಗಿಡಗಳಲ್ಲಿದೆ. ವಸಂತದಲ್ಲಿ ರೋಡೋಡೆಂಡ್ರನ್, ಬೇಸಿಗೆಯ ಕೊನೆಗೆ ಡೇಲಿಯಾ, ಶರತ್ಕಾಲದಲ್ಲಿ ಕೆಂಪೇರುವ ಮೇಪಲ್ ಎಲೆಗಳನ್ನು ನೋಡಬಹುದು.

ಸಮೀಪದ ಕೆಲ್ಸಿ ಕ್ರೀಕ್ ತೋಟದಲ್ಲಿ ಹಳೆಯ ಕೊಟ್ಟಿಗೆಗಳನ್ನು ಉಳಿಸಿಕೊಂಡು ಕುರಿ, ಮೇಕೆ, ಹಂದಿ, ಕೋಳಿ, ಕುದುರೆಮರಿಗಳನ್ನು ಸಾಕಲಾಗಿದೆ. ಹಟ್ಟಿ ಕೊಟ್ಟಿಗೆಗಳ ನಡುವೆ ಬೆಳೆದ ನಮ್ಮ ಹಿರಿಯರಿಗೆ ಇದು ಹೊಸದೆನಿಸದಿರಬಹುದು. ಆದರೆ ಅಪಾರ್ಟ್‌ಮೆಂಟುಗಳಲ್ಲಿ ಬೆಳೆಯುತ್ತಿರುವ ಮೊಮ್ಮಕ್ಕಳಿಗೆ ಮೇಕೆಯ ಪರಿಚಯ ಮಾಡಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಶರತ್ಕಾಲದಲ್ಲಿ ಸಾಲ್ಮನ್ ಮೀನುಗಳು ಸಮುದ್ರದಿಂದ ಸರೋವರಕ್ಕೆ, ಸರೋವರದಿಂದ ಈ ತೊರೆಗೆ ಏರಿಬಂದು ಮೊಟ್ಟೆಯಿಡುತ್ತವೆ.

ಕಲ್ಲಿದ್ದಲ ಗುಡ್ಡದಲ್ಲಿ ಚಾರಣ

ಚಾರಣಪ್ರಿಯರು ಹೋಗಬೇಕಾದುದು ದಕ್ಷಿಣದ ಕೂಗರ್ ಪರ್ವತ ವನ್ಯೋದ್ಯಾನಕ್ಕೆ. 3,000 ಎಕರೆಗೂ ಮಿಕ್ಕ ಈ ಕಾಡಿನಲ್ಲಿ 50 ಕಿ.ಮೀ.ಗೂ ಹೆಚ್ಚು ಕಾಲುದಾರಿಗಳಿವೆ. ಇಲ್ಲಿನ ಎತ್ತರದ ಶಿಖರವೂ 500 ಮೀಟರ್ ಮೀರುವುದಿಲ್ಲ. ಆದ್ದರಿಂದ ಕುಮಾರಪರ್ವತ ಏರಿದವರಿಗೆ ಇದು ಸಲೀಸು. ಜರಿಗಿಡಗಳ ನೆಲಹಾಸು, ಪಾಚಿ ಮೆತ್ತಿದ ಕಾಂಡಗಳು, ಆಕಾಶ ಮುಟ್ಟುವ ಸೀಡರ್ ಹಾಗೂ ಡಗ್ಲಸ್ ಫರ್ ಮರಗಳು ಮಲೆನಾಡಿನ ಮಳೆಗಾಲವನ್ನು ನೆನಪಿಸುತ್ತವೆ. ಒಂದು ವ್ಯತ್ಯಾಸವೆಂದರೆ, ಇಂಬಳಗಳ ಕಾಟವಿಲ್ಲ.

ಈ ಕಾಡು ಅನಾದಿ ಕಾಲದ್ದಲ್ಲ. 1863ರಿಂದ ಒಂದು ಶತಮಾನ ಕಾಲ ಇಲ್ಲಿ ಕಲ್ಲಿದ್ದಲು ತೆಗೆಯಲಾಯಿತು. ಗಣಿಯ ಕೆಲಸಗಾರರ ಬಡಾವಣೆಯ ಹೆಸರನ್ನೇ ಹೊತ್ತಿರುವ ‘ರೆಡ್ ಟೌನ್’ ಇಂದು ಚಾರಣ ಆರಂಭವಾಗುವ ಸ್ಥಳ. ಬೇಲಿ ಹಾಕಿದ ಗಣಿಬಾಯಿಗಳನ್ನೂ, ನೆಲ ಕುಸಿದ ಗುಂಡಿಗಳನ್ನೂ ಅಲ್ಲಲ್ಲಿ ಕಾಣಬಹುದು. ದಾರಿ ಬಿಟ್ಟು ಅಡ್ಡಾಡಬಾರದೆಂಬ ಸೂಚನೆಗೆ ಕಾರಣ ಇದೇ. ರಷ್ಯಾದೊಡನೆ ಶೀತಲ ಸಮರ ನಡೆಯುತ್ತಿದ್ದಾಗ ಇದೇ ಬೆಟ್ಟದಲ್ಲಿ ಕ್ಷಿಪಣಿ ನೆಲೆಯೂ ಇತ್ತು. ಗಣಿ ಮುಚ್ಚಿ, ಕ್ಷಿಪಣಿ ಹೋದ ಮೇಲೆ ಕಾಡು ತಾನಾಗಿಯೇ ಮರಳಿತು. ಕಪ್ಪು ಕರಡಿಗಳು ಇಲ್ಲಿ ಅಪರೂಪವಾದರೂ ಇವೆಯಾದ್ದರಿಂದ ಗುಂಪಿನಲ್ಲಿ ನಡೆಯುವುದು ಲೇಸು.

ಸೈಕಲ್, ತೇಲುಸೇತುವೆ, ಕ್ರಿಕೆಟ್

ಸರೋವರದ ಆಳವೂ ತಳದ ಮೆತ್ತನೆಯ ಕೆಸರೂ ಕಂಬ ನಿಲ್ಲಿಸಲು ಅವಕಾಶ ಕೊಡದ ಕಾರಣ, ಟೊಳ್ಳು ಕಾಂಕ್ರೀಟ್ ಪೆಟ್ಟಿಗೆಗಳನ್ನು ನೀರಿನ ಮೇಲೆ ತೇಲಿಸಿ, ತಳಕ್ಕೆ ಲಂಗರು ಹಾಕಿ, ಅದರ ಮೇಲೆ ರಸ್ತೆ ನಿರ್ಮಿಸುವ ಉಪಾಯವನ್ನು ಎಂಜಿನಿಯರುಗಳು ಕಂಡುಕೊಂಡರು. ಮೊದಲ ತೇಲುಸೇತುವೆ 1940ರಲ್ಲಿ ತೆರೆಯಿತು. 1990ರಲ್ಲಿ ದುರಸ್ತಿಯ ವೇಳೆ ಬಿರುಗಾಳಿಗೆ ಸಿಕ್ಕು ಅದರ ಭಾಗ ಮುಳುಗಿದಾಗ ಮತ್ತೆ ಕಟ್ಟಲಾಯಿತು. ಉತ್ತರದ ಎವರ್‌ಗ್ರೀನ್ ಪಾಯಿಂಟ್ ಸೇತುವೆ 2016ರಲ್ಲಿ ಹೊಸದಾಗಿ ನಿರ್ಮಾಣಗೊಂಡಿದ್ದು, ಸುಮಾರು 2,350 ಮೀಟರ್ ಉದ್ದದ ಇದು ವಿಶ್ವದಲ್ಲಿಯೇ ಅತಿ ಉದ್ದದ ತೇಲುಸೇತುವೆ. ಇದರ ಮೇಲೆ ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಪ್ರತ್ಯೇಕ ಪಥವಿದೆ. ಮೋಡವಿಲ್ಲದ ದಿನ ಸೇತುವೆಯ ಮೇಲಿಂದ ದಕ್ಷಿಣಕ್ಕೆ ನೋಡಿದರೆ 4,392 ಮೀಟರ್ ಎತ್ತರದ ರೇನಿಯರ್ ಹಿಮಪರ್ವತ ನೀರಿನ ಮೇಲೆ ಎದ್ದುನಿಂತಂತೆ ಕಾಣುತ್ತದೆ.

ರೈಲು ಸಂಚಾರ ನಿಂತ ಹಳೆಯ ಮಾರ್ಗವೊಂದನ್ನು ‘ಈಸ್ಟ್‌ರೈಲ್’ ಎಂಬ ಹೆಸರಿನಲ್ಲಿ ಹಂತ ಹಂತವಾಗಿ ಸೈಕಲ್ ಹಾದಿಯಾಗಿ ಪರಿವರ್ತಿಸಲಾಗುತ್ತಿದೆ. 1904ರಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ವಿಲ್ಬರ್ಟನ್ ರೈಲು ಸೇತುವೆ ಈ ಹಾದಿಯ ಹೆಗ್ಗುರುತು.

ಸಮಾಮಿಷ್ ಸರೋವರದ ಉತ್ತರ ತುದಿಯಲ್ಲಿ, ರೆಡ್ಮಂಡ್‌ಗೆ ಸೇರಿದ 640 ಎಕರೆಯ ಮೇರಿಮೂರ್ ಉದ್ಯಾನವಿದೆ. ಸೈಕಲ್ ಸ್ಪರ್ಧೆಯ ವೃತ್ತ, ಬಂಡೆ ಹತ್ತುವ ಗೋಡೆ, ನಾಯಿಗಳು ಸರಪಳಿಯಿಲ್ಲದೆ ಓಡಾಡುವ ಬಯಲು ಇವುಗಳ ಜೊತೆಗೆ ಇಲ್ಲಿ ಕ್ರಿಕೆಟ್ ಅಂಗಣವೂ ಇದೆ. ಬೇಸ್‌ಬಾಲ್ ನಾಡಿನಲ್ಲಿ ವಾರಾಂತ್ಯದ ಬ್ಯಾಟು ಚೆಂಡಿನ ಸದ್ದು ಕೇಳಬೇಕೆನ್ನುವವರು ಇಲ್ಲಿಗೆ ಬರಬಹುದು.

ಸ್ನೋಕ್ವಾಲ್ಮಿ: ಜೋಗದ ನೆನಪು

ಬೆಲ್‌ವ್ಯೂವಿನಿಂದ ಪೂರ್ವಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿ ಸ್ನೋಕ್ವಾಲ್ಮಿ ಜಲಪಾತವಿದೆ. ಎತ್ತರ 82 ಮೀಟರ್. 253 ಮೀಟರ್‌ನ ಜೋಗದ ಮುಂದೆ ಇದು ಚಿಕ್ಕದೇ. ಆದರೆ ಇಲ್ಲಿ ನೀರು ವರ್ಷವಿಡೀ ಬೀಳುತ್ತದೆ. ಹೋಲಿಕೆ ಇನ್ನೊಂದಿದೆ: ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಗುವ ಮೂರು ವರ್ಷ ಮೊದಲು, 1899ರಲ್ಲಿ, ಈ ಜಲಪಾತದ ಹಿಂದಿನ ಬಂಡೆಯೊಳಗೆ ನೆಲದಡಿಯ ವಿದ್ಯುದಾಗಾರ ಕಾರ್ಯಾರಂಭ ಮಾಡಿತ್ತು. ಸ್ನೋಕ್ವಾಲ್ಮಿ ಮೂಲನಿವಾಸಿಗಳಿಗೆ ಇದು ಪವಿತ್ರ ಸ್ಥಳ. ಜಲಪಾತದ ಅಂಚಿನ ಪ್ರಸಿದ್ಧ ವಸತಿಗೃಹವನ್ನು ಆ ಬುಡಕಟ್ಟಿನವರೇ 2019ರಲ್ಲಿ ಖರೀದಿಸಿದರು.

ಕೊಳೆತ ಸರೋವರ ತಿಳಿಯಾದ ಬಗೆ

ಈ ಎಲ್ಲ ವಿಹಾರಕ್ಕೂ ಆಧಾರವಾಗಿರುವ ಸರೋವರ ಒಂದು ಕಾಲಕ್ಕೆ ಸಾಯುವ ಹಂತ ತಲುಪಿತ್ತು ಎಂಬುದನ್ನು ಬೆಂಗಳೂರಿನ ಓದುಗರು ಗಮನಿಸಲೇಬೇಕು. ಎರಡನೆಯ ಮಹಾಯುದ್ಧದ ನಂತರ ಸುತ್ತಲಿನ ಉಪನಗರಗಳು ಬೆಳೆದಂತೆ, ಸಂಸ್ಕರಿಸಿದ ಚರಂಡಿ ನೀರು ಹತ್ತಾರು ಸ್ಥಾವರಗಳಿಂದ ನೇರವಾಗಿ ಸರೋವರ ಸೇರತೊಡಗಿತು. ಅದರ ಪ್ರಮಾಣ ದಿನವೊಂದಕ್ಕೆ ಸುಮಾರು 2 ಕೋಟಿ ಗ್ಯಾಲನ್. ನೀರು ಸಂಸ್ಕರಿತವಾಗಿದ್ದರೂ ಅದರಲ್ಲಿನ ರಂಜಕ ಹಾಗೆಯೇ ಉಳಿದಿತ್ತು. ರಂಜಕವೆಂದರೆ ಪಾಚಿಗೆ ಗೊಬ್ಬರ. 1955ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿ ಡಬ್ಲ್ಯು.ಟಿ. ಎಡ್ಮಂಡ್‌ಸನ್ ಮತ್ತು ಸಹೋದ್ಯೋಗಿಗಳು, ಯುರೋಪಿನ ಕೆಟ್ಟ ಸರೋವರಗಳಲ್ಲಿ ಕಾಣುತ್ತಿದ್ದ ನೀಲಿ ಹಸಿರು ಪಾಚಿಯೊಂದನ್ನು ಇಲ್ಲಿಯೂ ಪತ್ತೆ ಮಾಡಿದರು. ಬೇಸಿಗೆಯಲ್ಲಿ ನೀರು ನಾರತೊಡಗಿತು. ಒಂದು ಮೀಟರ್ ಕೆಳಗಿನ ವಸ್ತು ಕಾಣದಾಯಿತು. ಪತ್ರಿಕೆಗಳು ಸರೋವರಕ್ಕೆ ‘ಲೇಕ್ ಸ್ಟಿಂಕೊ’ ಎಂದು ಅಡ್ಡಹೆಸರಿಟ್ಟವು.

ಸರೋವರದ ಸುತ್ತ ಹಲವು ಪುರಸಭೆಗಳಿದ್ದು, ಯಾವುದೂ ಒಂಟಿಯಾಗಿ ಏನನ್ನೂ ಮಾಡುವ ಸ್ಥಿತಿಯಲ್ಲಿರಲಿಲ್ಲ. ಎಲ್ಲವನ್ನೂ ಒಳಗೊಂಡ ‘ಮೆಟ್ರೊ’ ಎಂಬ ಪ್ರಾದೇಶಿಕ ಸಂಸ್ಥೆ ಬೇಕೆಂದು ವಕೀಲ ಜೇಮ್ಸ್ ಎಲ್ಲಿಸ್ ಮತ್ತಿತರ ನಾಗರಿಕರು ಆಂದೋಲನ ನಡೆಸಿದರು. 1958ರ ಮಾರ್ಚ್‌ನಲ್ಲಿ ನಡೆದ ಜನಮತದಲ್ಲಿ ಪ್ರಸ್ತಾಪ ಸೋತಿತು. ಅದೇ ಸೆಪ್ಟೆಂಬರಿನಲ್ಲಿ ಪರಿಷ್ಕೃತ ರೂಪದಲ್ಲಿ ಗೆದ್ದಿತು. 1963ರಿಂದ 1968ರ ನಡುವೆ ಚರಂಡಿ ನೀರನ್ನೆಲ್ಲ ದೊಡ್ಡ ಕೊಳವೆಗಳ ಮೂಲಕ ಸರೋವರದಿಂದ ಹೊರಗೆ ತಿರುಗಿಸಲಾಯಿತು. ಕೆಲವೇ ವರ್ಷಗಳಲ್ಲಿ ನೀರು ತಿಳಿಯಾಯಿತು. ವೆಚ್ಚವನ್ನು ಭರಿಸಿದವರು ಬಹುಪಾಲು ಸ್ಥಳೀಯ ನಿವಾಸಿಗಳೇ.

2015ರಲ್ಲಿ ವರ್ತೂರು, ಬೆಳ್ಳಂದೂರು ಕೆರೆಗಳಿಂದ ನೊರೆ ರಸ್ತೆಗೆ ಹಾರಿದ್ದನ್ನೂ, 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡದ್ದನ್ನೂ ಕಂಡವರಿಗೆ ಈ ಕಥೆ ಬರಿಯ ಪರದೇಶದ ಸುದ್ದಿಯಾಗಲಾರದು. ನಮ್ಮ ಕೆರೆಗಳು ಮಳೆ ನೀರನ್ನು ಹಿಡಿಯಲು ಪೂರ್ವಿಕರು ಕಟ್ಟಿದ, ಆಳವಿಲ್ಲದ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಸರಣಿ. ಆಳವಾದ ನೈಸರ್ಗಿಕ ಸರೋವರದಷ್ಟು ಬೇಗ ಅವು ಚೇತರಿಸಿಕೊಳ್ಳಲಾರವು. ಆದರೂ ಮೂಲ ಸೂತ್ರ ಎರಡೂ ಕಡೆ ಒಂದೇ: ಒಳಬರುವ ಕೊಳೆಯನ್ನು ತಡೆಯದೆ ದಡವನ್ನು ಅಲಂಕರಿಸಿ ಫಲವಿಲ್ಲ.

ಹಾಗೆಂದು ಅಲ್ಲಿಯೂ ಸಮಸ್ಯೆ ಮುಗಿದಿಲ್ಲ. ರಸ್ತೆಗಳಿಂದ ಹರಿದುಬರುವ ಮಳೆನೀರು ಈಗಿನ ಚಿಂತೆ. ವಾಹನಗಳ ಟೈರು ಸವೆದು ಬರುವ ರಾಸಾಯನಿಕವೊಂದು ಕೊಹೊ ಸಾಲ್ಮನ್‌ಗಳನ್ನು ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತದೆಂಬುದನ್ನು ಇದೇ ಪ್ರದೇಶದ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಸಮಾಮಿಷ್ ಸರೋವರದ ಕೊಕನಿ ಎಂಬ ದೇಶೀ ಸಾಲ್ಮನ್ ತಳಿಯೂ ತೀರಾ ಕ್ಷೀಣಿಸಿದ್ದು, ಅದನ್ನು ಉಳಿಸುವ ಯತ್ನ ನಡೆದಿದೆ.

ಪ್ರವಾಸಿಗರಿಗೆ ಸೂಚನೆಗಳು

ಯಾವಾಗ: ಜುಲೈ ಮತ್ತು ಆಗಸ್ಟ್ ಒಣ ತಿಂಗಳುಗಳು, ವಿಹಾರಕ್ಕೆ ಪ್ರಶಸ್ತ. ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು, ಜಿಟಿಜಿಟಿ ಮಳೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಕೆಲ ವರ್ಷ ಕಾಡ್ಗಿಚ್ಚಿನ ಹೊಗೆ ಕವಿಯುವುದುಂಟು. 2020 ಮತ್ತು 2022ರಲ್ಲಿ ಹಾಗಾಗಿತ್ತು. ಉಸಿರಾಟದ ತೊಂದರೆ ಇರುವವರು ಗಾಳಿಯ ಗುಣಮಟ್ಟ ನೋಡಿಕೊಂಡು ಹೊರಡಬೇಕು.

ನೀರಿನಲ್ಲಿ ಎಚ್ಚರ: ಬಿಸಿಲು ಚುರುಕಾಗಿದ್ದರೂ ವಸಂತ ಹಾಗೂ ಬೇಸಿಗೆಯ ಆರಂಭದಲ್ಲಿ ನೀರು ಮೈ ಕೊರೆಯುವಷ್ಟು ತಣ್ಣಗಿರುತ್ತದೆ. ಹಠಾತ್ತನೆ ಧುಮುಕಿದರೆ ಉಸಿರುಗಟ್ಟಿ, ನುರಿತ ಈಜುಗಾರರೂ ಕೈಕಾಲಿನ ಹಿಡಿತ ಕಳೆದುಕೊಳ್ಳಬಹುದು. ಊರ ಕೆರೆ ಬಾವಿಗಳಲ್ಲಿ ಈಜಿದ ಅನುಭವವನ್ನು ಇಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಜೀವರಕ್ಷಕರಿರುವ ಕಿನಾರೆಗಳಲ್ಲಿ, ಅವರು ಇರುವ ವೇಳೆಯಲ್ಲಿ ಮಾತ್ರ ನೀರಿಗಿಳಿಯುವುದು ಕ್ಷೇಮ. ಸಣ್ಣ ದೋಣಿಗಳಲ್ಲಿ 12 ವರ್ಷ ಹಾಗೂ ಅದಕ್ಕಿಂತ ಕಿರಿಯ ಮಕ್ಕಳು ಜೀವರಕ್ಷಕ ಅಂಗಿ ತೊಡುವುದು ಕಾನೂನಿನಂತೆ ಕಡ್ಡಾಯ. ಹಿರಿಯರೂ ತೊಡುವುದು ವಿವೇಕ. ಬೇಸಿಗೆಯಲ್ಲಿ ಕಿಂಗ್ ಕೌಂಟಿ ಆಡಳಿತ ಈಜು ಕಿನಾರೆಗಳ ನೀರನ್ನು ಪರೀಕ್ಷಿಸಿ, ಕೆಟ್ಟಿದ್ದರೆ ಫಲಕ ಹಾಕುತ್ತದೆ. ಫಲಕವನ್ನು ಓದದೆ ನೀರಿಗಿಳಿಯಬಾರದು.

ಸಾರಿಗೆ: 2024ರ ಏಪ್ರಿಲ್‌ನಲ್ಲಿ ಆರಂಭವಾದ ಲಘು ರೈಲಿನ 2ನೇ ಮಾರ್ಗ ದಕ್ಷಿಣ ಬೆಲ್‌ವ್ಯೂ, ನಗರ ಕೇಂದ್ರ ಹಾಗೂ ರೆಡ್ಮಂಡ್‌ಗಳನ್ನು ಜೋಡಿಸುತ್ತದೆ. 2025ರ ಮೇ ತಿಂಗಳಿನಿಂದ ಅದು ಮೇರಿಮೂರ್ ಉದ್ಯಾನದ ಬಳಿಗೂ ಹೋಗುತ್ತದೆ.

ಶುಲ್ಕ: ನಗರದ ಉದ್ಯಾನಗಳಿಗೆ ಪ್ರವೇಶ ಶುಲ್ಕವಿಲ್ಲ. ರಾಜ್ಯ ಸರ್ಕಾರದ ಸಮಾಮಿಷ್ ಸರೋವರ ಉದ್ಯಾನಕ್ಕೆ ಕಾರಿನಲ್ಲಿ ಹೋಗುವವರು ‘ಡಿಸ್ಕವರ್ ಪಾಸ್’ ಪಡೆದಿರಬೇಕು.